ಗೋಡೆಯ ಪಾಠಾಂತರಗಳು

ಮಳವಳ್ಳಿ ಕಡೆಯ ಒಂದು ಊರಿನಲ್ಲಿ ಹಳೆಯ ಚರ್ಚೊಂದಿದೆ. ಊರಿನ ಹೆಸರು ಇಲ್ಲಿ ಬೇಡ. ದೊಡ್ಡ ಕಟ್ಟಡವೇನಲ್ಲ. ಇಟ್ಟಿಗೆಯ ಗೋಡೆ, ಸುಣ್ಣದ ಗಾರೆ, ಮುಂಭಾಗದಲ್ಲಿ ಗಂಟೆಗೊಂದು ಸಣ್ಣ ಗೂಡು, ಅಷ್ಟೆ. ಬಾಗಿಲ ಮೇಲೆ ಒಂದು ಕಲ್ಲಿತ್ತು. ಕಟ್ಟಿಸಿದ ವರ್ಷ, ದುಡ್ಡು ಕೊಟ್ಟವರು, ಗಾರೆ ಕೆಲಸ ಮಾಡಿದ ಮೇಸ್ತ್ರಿಯ ಹೆಸರು ಏಳು ಸಾಲುಗಳಲ್ಲಿ ಕೊರೆದಿದ್ದವು. ಒತ್ತಕ್ಷರಗಳು ಬೇಕಾದ ಕಡೆ ಇರಲಿಲ್ಲ, ಬೇಡದ ಕಡೆ ಇದ್ದವು. ‘ಕಟ್ಟಿಸಿದ’ ಎನ್ನುವುದು ‘ಕಟಿಸಿದ’ ಆಗಿತ್ತು. ‘ದೇವಾಲಯ’ ಎಂದಿರಲಿಲ್ಲ, ‘ಗುಡಿ’ ಎಂದಿತ್ತು.

ಇಪ್ಪತ್ತೆರಡು ವರ್ಷಗಳ ಹಿಂದೆ ಆ ಚರ್ಚಿನ ಹೊರಗೋಡೆಯನ್ನು ಹೊಸದು ಮಾಡಿಸಲು ಊರವರು ಚಂದಾ ಎತ್ತಿದರು. ನಾನು ಆಗಷ್ಟೇ ಕನ್ನಡ ಎಂ.ಎ. ಮುಗಿಸಿ ಮಂಡ್ಯದಲ್ಲಿ ಪಾಠಕ್ಕೆ ಸೇರಿದ್ದೆ. ನಾನು ಆ ಧರ್ಮದವನಲ್ಲ, ಆದರೆ ಪಕ್ಕದ ಊರಿನವನು; ಅವರ ಹಬ್ಬದ ತೇರಿನ ಹಿಂದೆ ಓಡಾಡಿ ಬೆಳೆದವನು. ‘ಓದಿಕೊಂಡಿದ್ದೀರಿ, ಕಲ್ಲಿನ ಮೇಲೆ ಬರೆಯುವುದನ್ನು ಸರಿಯಾಗಿ ಬರೆದುಕೊಡಿ’ ಎಂದು ಕೇಳಿದರು. ನಾನು ಸಂತೋಷದಿಂದ ಬರೆದುಕೊಟ್ಟೆ. ‘ಕಟಿಸಿದ’ ಹೋಗಿ ‘ನಿರ್ಮಿಸಲ್ಪಟ್ಟ’ ಬಂತು. ‘ಗುಡಿ’ ಹೋಗಿ ‘ದೇವಾಲಯ’ ಬಂತು. ಜಾಗ ಸಾಲದೆಂದು ಮೇಸ್ತ್ರಿಯ ಹೆಸರನ್ನು ಬಿಟ್ಟೆ. ಹೊಳೆಯುವ ಕರಿ ಗ್ರಾನೈಟಿನ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ನನ್ನ ಕನ್ನಡ ಕೂತಿತು. ಹಳೆಯ ಕಲ್ಲು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. ಗೋಡೆಗೆ ಸಿಮೆಂಟ್ ಗಿಲಾವು ಆಯಿತು. ಅದರ ಮೇಲೆ ಬಣ್ಣ. ಎಲ್ಲರೂ ಚೆನ್ನಾಗಿದೆ ಎಂದರು. ನಾನೂ ಎಂದೆ.

ಈಗ ಆ ಗಿಲಾವು ಹಕ್ಕಳೆ ಹಕ್ಕಳೆಯಾಗಿ ಬೀಳುತ್ತಿದೆ. ಮತ್ತೆ ಸಾರವೆ ಕಟ್ಟುವ ಮಾತು ನಡೆದಿದೆ. ಮತ್ತೆ ನನ್ನನ್ನು ಕರೆದಿದ್ದಾರೆ. ಈ ಲೇಖನ ಬರೆಯಲು ಅದೇ ಕಾರಣ.

ಎಂ.ಎ. ತರಗತಿಯಲ್ಲಿ ನಮಗೆ ಗ್ರಂಥಸಂಪಾದನೆ ಒಂದು ಪತ್ರಿಕೆಯಾಗಿತ್ತು. ‘ವಡ್ಡಾರಾಧನೆ’ಯನ್ನು ಓಲೆಗರಿಗಳಿಂದ ಎತ್ತಿ 1949ರಲ್ಲಿ ಅಚ್ಚಿಗೆ ಕೊಟ್ಟ ಡಿ.ಎಲ್. ನರಸಿಂಹಾಚಾರ್ಯರು ಆ ಶಾಸ್ತ್ರದ ಬಗ್ಗೆ ಬರೆದ ಗ್ರಂಥವನ್ನು ಪರೀಕ್ಷೆಗೆಂದು ಓದಿದ್ದೆವು. ಅದರಿಂದ ನಾನು ಕಲಿತದ್ದು ಬಹಳ ಸರಳವಾದ ಒಂದು ಶಿಸ್ತು. ಪ್ರತಿಯಲ್ಲಿ ಇರುವುದು ನಿನಗೆ ತಪ್ಪೆಂದು ಕಂಡರೆ ಸುಮ್ಮನೆ ತಿದ್ದಬೇಡ. ತಿದ್ದಲೇಬೇಕಾದರೆ ಮೂಲದಲ್ಲಿ ಏನಿತ್ತೆಂಬುದನ್ನು ಅಡಿಟಿಪ್ಪಣಿಯಲ್ಲಿ ಕೊಡು. ಅಕ್ಷರ ಅಳಿಸಿಹೋಗಿದ್ದರೆ ಅಲ್ಲಿ ಚುಕ್ಕಿ ಇಡು, ನಿನ್ನ ಊಹೆಯನ್ನು ಕವಿಯ ಬಾಯಿಗೆ ತುರುಕಬೇಡ. ಒಂದು ಕೃತಿಗೆ ಹಲವು ಪ್ರತಿಗಳಿದ್ದರೆ ಅವುಗಳ ನಡುವಿನ ವ್ಯತ್ಯಾಸವೂ ಆ ಕೃತಿಯ ಚರಿತ್ರೆಯೇ. ಓಲೆಗರಿಯ ವಿಷಯದಲ್ಲಿ ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಕಲ್ಲಿನ ಮುಂದೆ, ಗೋಡೆಯ ಮುಂದೆ ನಿಂತಾಗ ಒಂದೂ ನೆನಪಾಗಲಿಲ್ಲ. ಕಟ್ಟಡವೂ ಒಂದು ಪಾಠ, ಅದಕ್ಕೂ ಲಿಪಿಕಾರರಿದ್ದಾರೆ, ಅದಕ್ಕೂ ಪಾಠಾಂತರಗಳಿವೆ ಎಂದು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಯಾರಾದರೂ ಹೇಳಿಕೊಡಬೇಕಿತ್ತೆ ಎಂಬುದೂ ಒಂದು ಪ್ರಶ್ನೆಯೇ.

ಕಟ್ಟಡಗಳ ಪುನರುಜ್ಜೀವನದ ಬಗ್ಗೆ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ದೊಡ್ಡ ಜಗಳವೇ ನಡೆಯಿತು. ಒಂದು ಕಡೆ ಫ್ರಾನ್ಸಿನ ವಿಯೊಲೆ ಲ ದ್ಯುಕ್. ಕಟ್ಟಡವೊಂದನ್ನು ಸರಿಪಡಿಸುವುದೆಂದರೆ ಅದನ್ನು ಅದರ ಪೂರ್ಣ ರೂಪಕ್ಕೆ ತರುವುದು, ಆ ಪೂರ್ಣ ರೂಪ ಹಿಂದೆ ಯಾವತ್ತೂ ಇರದೇ ಇದ್ದರೂ ಪರವಾಗಿಲ್ಲ ಎಂಬುದು ಅವನ ನಿಲುವು. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಮೇಲಿದ್ದ ಚೂಪು ಶಿಖರ ಅವನ ಕೊಡುಗೆ. ಇನ್ನೊಂದು ಕಡೆ ಇಂಗ್ಲೆಂಡಿನ ಜಾನ್ ರಸ್ಕಿನ್. ಗಾಂಧೀಜಿಯ ‘ಸರ್ವೋದಯ’ದ ಮೂಲಕ ನಮಗೆ ಪರಿಚಿತನಾದ ಅದೇ ರಸ್ಕಿನ್. ಸತ್ತವರನ್ನು ಎಬ್ಬಿಸಲಾಗದಂತೆ ಹಳೆಯ ಕಟ್ಟಡವನ್ನೂ ಮರಳಿ ಕಟ್ಟಲಾಗದು, ಕಟ್ಟಿದ್ದೇವೆ ಎನ್ನುವುದು ಸುಳ್ಳು ಎಂದು ಅವನು 1849ರಲ್ಲಿ ವಾದಿಸಿದ. ಅವನ ದಾರಿಯಲ್ಲೇ ನಡೆದ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳನ್ನು ಕಾಯಲು ಒಂದು ಸಂಘವನ್ನೇ ಕಟ್ಟಿದ. ಇಂಗ್ಲೆಂಡಿನ ಹಳೆಯ ಚರ್ಚುಗಳ ಗಿಲಾವನ್ನು ಕೆರೆದು, ನಂತರದ ಕಾಲದವರು ಸೇರಿಸಿದ್ದನ್ನೆಲ್ಲ ಕಿತ್ತು, ‘ಶುದ್ಧ ಮೂಲ’ಕ್ಕೆ ಹೋಗುತ್ತಿದ್ದವರ ವಿರುದ್ಧ ಅವನ ಸಿಟ್ಟಿತ್ತು.

ಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ ವಿಯೊಲೆ ಲ ದ್ಯುಕ್ ಕವಿ ಬರೆಯದ ಪದ್ಯವನ್ನೂ ಕವಿಯ ಹೆಸರಲ್ಲಿ ಸೇರಿಸಬಲ್ಲ ಸಂಪಾದಕ. ರಸ್ಕಿನ್ ಓಲೆಯನ್ನು ಮುಟ್ಟಲೂ ಹೆದರುವವನು. ನಾನು ಮಳವಳ್ಳಿಯ ಕಡೆ ಮಾಡಿದ್ದು ಮೊದಲನೆಯವನ ಕೆಲಸ, ಅವನ ಪ್ರತಿಭೆಯಿಲ್ಲದೆ. ಆದರೆ ಇತಿಹಾಸ ಇವರಿಬ್ಬರ ನಡುವೆ ಸುಲಭವಾಗಿ ತೀರ್ಪು ಕೊಡುವುದಿಲ್ಲ. 2019ರ ಏಪ್ರಿಲ್ 15ರಂದು ನೋತ್ರ್ ದಾಮ್ ಹೊತ್ತಿ ಉರಿದಾಗ ಜಗತ್ತು ಕಣ್ಣೀರಿಟ್ಟು ನೋಡಿದ್ದು ವಿಯೊಲೆ ಲ ದ್ಯುಕ್‌ನ ಶಿಖರ ಮುರಿದು ಬೀಳುವುದನ್ನು. 2024ರ ಡಿಸೆಂಬರಿನಲ್ಲಿ ಚರ್ಚು ಮತ್ತೆ ತೆರೆದಾಗ ಅದೇ ಶಿಖರ, ಅದೇ ರೂಪದಲ್ಲಿ ಮೇಲೆದ್ದಿತ್ತು. ಒಂದು ಕಾಲದ ಪ್ರಕ್ಷಿಪ್ತ ಇನ್ನೊಂದು ಕಾಲದ ಮೂಲವಾಗಿತ್ತು.

ಇಂಥದ್ದನ್ನು ನೋಡಲು ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ, ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೆ ಬಸ್ಸು ಹತ್ತಿದರೆ ಸಾಕು. ಟಿಪ್ಪುವಿನ ದರಿಯಾ ದೌಲತ್ 1784ರದ್ದು. ಅದರ ಹೊರಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಆ ಚಿತ್ರ ಅಳಿಸಿಹೋಗುತ್ತ ಬಂದಾಗ ಮತ್ತೆ ಬರೆಸಿದವರು ಸೋತವರ ಕಡೆಯವರೇ. ಡಾಲ್ಹೌಸಿಯ ಕಾಲದಲ್ಲಿ ಆ ಕೆಲಸ ನಡೆಯಿತು. ಇಂದು ನಾವು ಅದನ್ನು ಟಿಪ್ಪುವಿನ ಕಾಲದ ಚಿತ್ರವೆಂದು ನೋಡುತ್ತೇವೆ. ನೋಡುವುದು ತಪ್ಪಲ್ಲ, ಆದರೆ ನಮ್ಮ ಕಣ್ಣಿಗೆ ಬೀಳುತ್ತಿರುವುದು ಎರಡನೆಯ ಪ್ರತಿ ಎಂಬ ಅರಿವು ಬೇಕು.

ಅಲ್ಲಿಂದ ಗಂಜಾಂ ಕಡೆ ಹೋದರೆ ಅಬ್ಬೆ ದುಬುವಾ ಅವರ ಹೆಸರಿನಿಂದ ಕರೆಯುವ ಚರ್ಚು ಸಿಗುತ್ತದೆ. ಎತ್ತರದ ಗೋಪುರಗಳಿಂದ ಕಣ್ಣು ಕೋರೈಸುವ ಕಟ್ಟಡ ಅದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದ ಫ್ರೆಂಚ್ ಪಾದ್ರಿ ಆತ. ಈ ಸೀಮೆಯಲ್ಲಿ ಸಿಡುಬಿಗೆ ಲಸಿಕೆ ಹಾಕಿಸಿದ. ಮೇಲುಡುಗೆ ಕಾವಿ, ಊಟ ಇಲ್ಲಿಯವರಂತೆ. ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. 1823ರಲ್ಲಿ ಊರಿಗೆ ಮರಳಿದವನು ಮತ್ತೆ ಬರಲಿಲ್ಲ, 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಆತ ಗೊತ್ತಿರುವುದು ಹಿಂದೂಗಳ ಆಚಾರ ವಿಚಾರಗಳ ಬಗೆಗಿನ ಪುಸ್ತಕದಿಂದ. ಅದರ ಕತೆ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಬಂತು. ಅಷ್ಟರಲ್ಲಿ ದುಬುವಾ ತನ್ನ ಬರಹವನ್ನು ತಿದ್ದಿ ಬೆಳೆಸಿದ್ದ. ತಿದ್ದಿದ ಆ ಪಾಠದ ಇಂಗ್ಲಿಷ್ ರೂಪ ಹೊರಬಂದದ್ದು 1897ರಲ್ಲಿ, ಬೋಷಾಂಪ್‌ನ ಕೈಯಲ್ಲಿ. ಮುಂದೆ 1987ರಲ್ಲಿ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದ್ವಾಂಸೆ ಪುಸ್ತಕದ ಬಹುಭಾಗ ದುಬುವಾನ ಸ್ವಂತದ್ದಲ್ಲ, ಅವನಿಗಿಂತ ಹಿಂದೆ ದಕ್ಷಿಣ ಭಾರತದಲ್ಲಿದ್ದ ಜೆಸ್ವಿತ್ ಪಾದ್ರಿ ಕೂರ್ದೂ ಬರೆದಿಟ್ಟದ್ದು ಎಂದು ತೋರಿಸಿದರು. ಎರಡು ಶತಮಾನ ಒಬ್ಬನ ಹೆಸರಿನಲ್ಲಿ ನಿಂತಿದ್ದ ಕಟ್ಟಡದ ಗಿಲಾವು ಕೆರೆದಾಗ ಕೆಳಗೆ ಇನ್ನೊಬ್ಬನ ಇಟ್ಟಿಗೆ ಕಂಡಿತು. ಹಾಗೆಂದು ದುಬುವಾನ ಪುಸ್ತಕವನ್ನು ಯಾರೂ ಎಸೆಯಲಿಲ್ಲ. ಓದುವ ಬಗೆ ಮಾತ್ರ ಬದಲಾಯಿತು. ಮ್ಯೂರ್ ಮಾಡಿದ್ದು ಒಳ್ಳೆಯ ಪುನರುಜ್ಜೀವನವೆಂದು ನನಗನ್ನಿಸುತ್ತದೆ. ಅವರು ಯಾವುದನ್ನೂ ಕೆಡವಲಿಲ್ಲ, ಯಾರು ಕಟ್ಟಿದ್ದೆಂದು ಹೇಳಿದರು. ನಾನು ಮಾಡಿದ್ದು ಅದರ ತದ್ವಿರುದ್ಧ. ಕಟ್ಟಿದವನ ಹೆಸರು ಇತ್ತು, ಅಳಿಸಿದೆ.

ಇಲ್ಲಿ ಗಾರೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಗೋಡೆಯ ವಿಮರ್ಶೆ ಗೋಡೆಯ ವ್ಯಾಕರಣವಿಲ್ಲದೆ ಆಗುವುದಿಲ್ಲ.

ಹಳೆಯ ಇಟ್ಟಿಗೆ ಮೆದು. ನೆಲದ ತೇವವನ್ನು ಅದು ಬತ್ತಿ ಎಣ್ಣೆಯನ್ನು ಹೀರುವಂತೆ ಮೇಲಕ್ಕೆ ಹೀರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ, ಬಿಸಿಲಿಗೆ ಗೋಡೆ ಆರುತ್ತದೆ. ನೀರಿನ ಜೊತೆ ಬಂದ ಉಪ್ಪು ಹೊರಮೈಗೆ ಬಂದು ಬಿಳಿಯಾಗಿ ಒಸರುತ್ತದೆ, ಗುಡಿಸಿದರೆ ಹೋಗುತ್ತದೆ. ಮೇಲೆ ಸಿಮೆಂಟ್ ಬಳಿದರೆ ಬಾಗಿಲು ಮುಚ್ಚಿದ ಹಾಗೆ. ತೇವ ಒಳಗೇ ಉಳಿಯುತ್ತದೆ, ಇನ್ನೂ ಎತ್ತರಕ್ಕೆ ಏರುತ್ತದೆ. ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಉಬ್ಬುತ್ತದೆ. ಕೊನೆಗೆ ಗಿಲಾವು ಬೀಳುವಾಗ ಒಂಟಿಯಾಗಿ ಬೀಳುವುದಿಲ್ಲ, ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ಗಟ್ಟಿಯಾದದ್ದು ಮೆದುವಾದದ್ದನ್ನು ಕಾಯುತ್ತದೆ ಎಂಬುದು ನಮ್ಮ ನಂಬಿಕೆ. ಗೋಡೆಯಲ್ಲಿ ಅದು ನಡೆಯುವುದಿಲ್ಲ. ಮೇಲಿನ ಪದರ ಒಳಗಿನದಕ್ಕಿಂತ ಮೆದುವಾಗಿರಬೇಕು, ಮೊದಲು ಅದು ಸವೆಯಬೇಕು. ಸವೆದದ್ದನ್ನು ಮತ್ತೆ ಬಳಿಯಬೇಕು.

ನಮ್ಮ ಸೀಮೆಯಲ್ಲಿ ಇದು ಗೊತ್ತಿಲ್ಲದ ವಿದ್ಯೆಯಾಗಿರಲಿಲ್ಲ. ಸುಣ್ಣವನ್ನು ನೀರಿನಲ್ಲಿ ಕೊಳೆಹಾಕಿ, ಮರಳು ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಹಾಕಿ ಹದ ಮಾಡುತ್ತಿದ್ದರು. ಬೆಲ್ಲಕ್ಕೆ ಮಂಡ್ಯದವರು ಯಾರ ಮನೆಗೂ ಹೋಗಬೇಕಾಗಿಲ್ಲ, ಮದ್ದೂರಿನಿಂದ ಪಾಂಡವಪುರದವರೆಗೂ ಆಲೆಮನೆಗಳಿವೆ. ಸುಣ್ಣದ ಗಾರೆ ಬಲವಿಲ್ಲದ್ದು, ಹಳೆಯ ಕಾಲದ್ದು ಎಂದು ಚರ್ಚಿನ ಅಂಗಳದ ಸಭೆಯಲ್ಲಿ ಅಂದು ಒಬ್ಬರು ಹೇಳಿದಾಗ ಎಲ್ಲರೂ ಒಪ್ಪಿದ್ದೆವು. ಆ ಸಭೆಯಲ್ಲಿ ಕೂತಿದ್ದವರೆಲ್ಲ ಅನ್ನ ತಿನ್ನುತ್ತಿದ್ದುದು ಕನ್ನಂಬಾಡಿ ಕಟ್ಟೆಯ ನೀರಿನಿಂದ. 1911ರಲ್ಲಿ ಕೆಲಸ ಶುರುವಾದ ಆ ಕಟ್ಟೆ ಎದ್ದು ನಿಂತಿರುವುದು ಸುರ್ಕಿಯಲ್ಲಿ, ಅಂದರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಗಾರೆಯಲ್ಲಿ. ಕಾವೇರಿಯನ್ನೇ ತಡೆದು ನಿಲ್ಲಿಸಿದ ಗಾರೆಯನ್ನು ನಾವು ಒಂದು ಸಣ್ಣ ಗುಡಿಯ ಗೋಡೆಗೆ ಸಾಲದೆಂದು ತೀರ್ಮಾನಿಸಿದೆವು.

ಹಾಗಾದರೆ ರಸ್ಕಿನ್ ಹೇಳಿದ್ದೇ ಸರಿ, ಕೈಹಾಕದೆ ಬಿಡೋಣ ಎನ್ನಬಹುದೆ? ಕೈಬಿಟ್ಟ ಚರ್ಚು ಹೇಗಿರುತ್ತದೆಂದು ತಿಳಿಯಲು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಹೋಗಬೇಕು. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಎದ್ದುಹೋಯಿತು, ಚರ್ಚು ನೀರಿನಲ್ಲಿ ಉಳಿಯಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮೈತೋರುತ್ತದೆ. ಮಾಡಿಲ್ಲದ ಕಮಾನುಗಳು, ಅವುಗಳ ನಡುವೆ ಆಕಾಶ. ಮದುವೆಗೆ ಮುಂಚಿನ ಫೋಟೊ ತೆಗೆಸುವ ಜೋಡಿಗಳು ಅಲ್ಲಿಗೆ ಬರುತ್ತಾರೆ. ನನಗೂ ಅದು ಬಹಳ ಚೆಲುವಾಗಿ ಕಂಡಿತ್ತು. ಆಮೇಲೆ ಯೋಚಿಸಿದೆ. ಪಾಳು ಚೆಲುವಾಗಿ ಕಾಣುವುದು ಅಲ್ಲಿ ಕಳೆದುಕೊಂಡದ್ದೇನೂ ಇಲ್ಲದವರಿಗೆ. ಆ ಗುಡಿಯಲ್ಲಿ ಹೆಸರಿಡಿಸಿಕೊಂಡು, ಮದುವೆಯಾಗಿ, ಹೆತ್ತವರನ್ನು ಅದರ ಪಕ್ಕದಲ್ಲೇ ಮಣ್ಣು ಮಾಡಿ, ಒಂದು ದಿನ ಗಂಟುಮೂಟೆ ಕಟ್ಟಿಕೊಂಡು ಹೊರಟವರಿಗೆ ಅದು ಏನಾಗಿ ಕಾಣುತ್ತದೋ. ಪಾಳನ್ನು ಕವಿತೆ ಮಾಡುವ ವಿಮರ್ಶೆಯ ಬಗ್ಗೆ ನನಗೆ ಅಂದಿನಿಂದ ಅನುಮಾನ.

ಮೈಸೂರಿನ ಸಂತ ಫಿಲೋಮಿನಾ ಚರ್ಚು ಇದಕ್ಕೆ ಎದುರು ದಿಕ್ಕಿನದು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಮಂಡ್ಯದ ಸಕ್ಕರೆ ಕಾರ್ಖಾನೆಯೂ ಅದೇ ವರ್ಷದ್ದು. ಅದರ 175 ಅಡಿಯ ಜೋಡಿ ಗೋಪುರಗಳು ಕೆಲವು ವರ್ಷಗಳ ಹಿಂದೆ ಸಾರವೆಯ ಪಂಜರದೊಳಗೆ ಬಹುಕಾಲ ಇದ್ದುದನ್ನು ಮೈಸೂರಿಗೆ ಹೋಗಿಬರುವವರೆಲ್ಲ ನೋಡಿದ್ದಾರೆ. ಪ್ರವಾಸಿಗರು ಗೊಣಗುತ್ತಿದ್ದರು, ಫೋಟೊ ಕೆಟ್ಟಿತೆಂದು. ನನಗೆ ಆ ಪಂಜರ ಇಷ್ಟವಾಗಿತ್ತು. ಇಂಥ ಗೋಪುರ ತಾನಾಗಿಯೇ ನಿಲ್ಲುವುದಿಲ್ಲ, ಯಾರೋ ಹತ್ತಿ ಬಿರುಕು ಹುಡುಕಿ ತುಂಬಬೇಕು ಎಂಬುದನ್ನು ಅದು ಮುಚ್ಚುಮರೆಯಿಲ್ಲದೆ ಹೇಳುತ್ತಿತ್ತು. ದೊಡ್ಡ ಚರ್ಚಿಗೆ ಹೆಸರಿದೆ, ನೋಡಲು ಬರುವವರಿದ್ದಾರೆ, ದುಡ್ಡು ಹುಟ್ಟುತ್ತದೆ. ನಮ್ಮಂಥ ಊರಿನ ಗುಡಿಗಳಿಗೆ ಇರುವುದು ಊರವರ ಚಂದಾ ಮತ್ತು ನನ್ನಂಥವರ ಸಲಹೆ. ಎರಡರಲ್ಲಿ ಸಲಹೆಯೇ ಹೆಚ್ಚು ಅಪಾಯದ್ದು.

ರಸ್ಕಿನ್ ನಮಗೆ ಪೂರ್ತಿ ಹೊಂದುವುದಿಲ್ಲ ಎಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮಲ್ಲಿ ದೇವರ ಮನೆಯನ್ನು ಮುಟ್ಟದೆ ಬಿಡುವ ಪದ್ಧತಿಯೇ ಇರಲಿಲ್ಲ. ಜೀರ್ಣೋದ್ಧಾರ ಪುಣ್ಯದ ಕೆಲಸ, ಅದನ್ನು ಹೇಳುವ ಶಾಸನಗಳು ಎಷ್ಟೋ ಇವೆ. ನಾನು ಹುಡುಗನಾಗಿದ್ದಾಗ ಆ ಚರ್ಚಿಗೆ ಪ್ರತಿ ವರ್ಷ ಹಬ್ಬದ ಮುಂಚೆ ಸುಣ್ಣ ಹೊಡೆಯುತ್ತಿದ್ದರು. ಹೆಂಗಸರು ಗೋಡೆಯ ಬುಡ ಕೆರೆದು ತೊಳೆಯುತ್ತಿದ್ದರು. ಹುಡುಗರು ಏಣಿ ಹಿಡಿಯುತ್ತಿದ್ದೆವು. ಬಿರುಕು ಕಂಡ ಕಡೆ ಗಾರೆಯವರು ಒಂದು ಕರಣೆ ಗಾರೆ ತುಂಬುತ್ತಿದ್ದರು. ಅದನ್ನು ಯಾರೂ ಪುನರುಜ್ಜೀವನ ಎಂದು ಕರೆಯಲಿಲ್ಲ, ಹಬ್ಬದ ಕೆಲಸ ಎಂದರು. ಬೇಕಾದ ಹೊತ್ತಿನಲ್ಲಿ ಮಾಡಿನ ದೋಣಿಯಿಂದ ತರಗೆಲೆ ಗುಡಿಸಿ, ಒಡೆದದ್ದನ್ನು ಮುಚ್ಚಿದರೆ ಕಟ್ಟಡಕ್ಕೆ ದೊಡ್ಡ ಚಿಕಿತ್ಸೆಯೇ ಬೇಡವೆಂದು ರಸ್ಕಿನ್ ಕೂಡ ಒಪ್ಪುತ್ತಾನೆ. ಅಲ್ಲಿ ಅವನೂ ನಮ್ಮ ಊರಿನ ಹೆಂಗಸರೂ ಒಂದೇ ಪಕ್ಷ.

ಹೀಗಿರುವಾಗ ತಪ್ಪಿದ್ದೆಲ್ಲಿ? ಕೈ ಹಾಕಿದ್ದೇ ತಪ್ಪಲ್ಲ. ಇನ್ನು ಮುಂದೆ ಕೈ ಹಾಕಬೇಕಾಗದ ಹಾಗೆ ಮಾಡಿಬಿಡೋಣ ಎಂದುಕೊಂಡದ್ದು ತಪ್ಪು. ಸಿಮೆಂಟ್, ಹೊರಗೋಡೆಯ ಬಣ್ಣ, ಗ್ರಾನೈಟು ಮೂರೂ ನಮಗೆ ಕೊಟ್ಟ ಮಾತು ಅದೇ: ಪ್ರತಿ ವರ್ಷದ ರಗಳೆ ಇಲ್ಲ. ಆ ಮಾತನ್ನು ನಂಬಿದ ಮೇಲೆ ಹಬ್ಬಕ್ಕೆ ಸುಣ್ಣ ಹೊಡೆಯುವುದು ನಿಂತಿತು. ಏಣಿ ಹಿಡಿಯುವ ಹುಡುಗರಿಲ್ಲ. ಗಾರೆ ಹದ ಮಾಡಬಲ್ಲ ಮುದುಕರು ಒಬ್ಬೊಬ್ಬರಾಗಿ ಹೋದರು, ಅವರ ಮಕ್ಕಳು ಬೆಂಗಳೂರಿನಲ್ಲಿ ಸಿಮೆಂಟ್ ಕೆಲಸಕ್ಕೆ ಸೇರಿದರು. ಗೋಡೆ ಒಳಗೊಳಗೇ ನೆನೆಯುತ್ತಿದ್ದುದನ್ನು ನೋಡಲು ವರ್ಷಕ್ಕೊಮ್ಮೆಯಾದರೂ ಅದರ ಹತ್ತಿರ ಹೋಗುವ ಕೆಲಸವೇ ಇರಲಿಲ್ಲ. ಸಾಹಿತ್ಯದಲ್ಲೂ ‘ಅಂತಿಮ ಪಾಠ’, ‘ಸಮಗ್ರ ಆವೃತ್ತಿ’ ಎಂದು ಅಚ್ಚಾದ ಮೇಲೆ ಮೂಲ ಪ್ರತಿಗಳ ಕಡೆ ತಿರುಗಿ ನೋಡುವವರು ಕಡಿಮೆಯಾಗುತ್ತಾರೆ. ಬೀರುವಿನಲ್ಲಿ ಗೆದ್ದಲು ಹತ್ತುವುದು ಆಗಲೇ.

ಕಳೆದ ತಿಂಗಳು ಚರ್ಚಿನ ಸ್ವಾಮಿಗಳು ಮತ್ತು ಊರಿನ ಐದಾರು ಜನ ಕೂತು ಮಾತಾಡಿದೆವು. ಮೊದಲು ಗೋಡೆಯ ಕೆಳಗಿನ ಭಾಗದ ಸಿಮೆಂಟನ್ನು ಮಾತ್ರ ಕೈಉಳಿಯಿಂದ ನಿಧಾನವಾಗಿ ಬಿಡಿಸುವುದು, ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಆರಲು ಬಿಡುವುದು, ಆಮೇಲೆ ಸುಣ್ಣದ ಗಾರೆ ಹಾಕುವುದು ಎಂದಾಯಿತು. ಎಲ್ಲರಿಗೂ ಒಪ್ಪಿಗೆಯಿಲ್ಲ. ಒಂದು ಹಬ್ಬವಿಡೀ ಗೋಡೆ ಮೈತೆರೆದು ನಿಂತಿದ್ದರೆ ನೆಂಟರ ಮುಂದೆ ಏನು ಚೆಂದ ಎಂದು ಒಬ್ಬಾಕೆ ಕೇಳಿದರು. ಅದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಆ ಗೋಡೆ ಅವರದು, ನಾನು ವಾರಕ್ಕೊಮ್ಮೆ ಬಂದು ಹೋಗುವವನು.

ಹಳೆಯ ಕಲ್ಲು ಸಿಕ್ಕಿದೆ, ಅರ್ಧ. ಹಿಂದಿನ ಅಡುಗೆ ಕೊಟ್ಟಿಗೆಯಲ್ಲಿ ಒಲೆಯ ಪಕ್ಕ ಮಗ್ಗುಲಾಗಿ ಬಿದ್ದಿತ್ತು. ಮೇಲಿನ ನಾಲ್ಕು ಸಾಲು ಓದಬಹುದು. ‘ಗುಡಿ’ ಇದೆ. ‘ಕಟಿಸಿದ’ ಇದೆ. ಕೆಳಗಿನ ತುಂಡಿಲ್ಲ, ಮೇಸ್ತ್ರಿಯ ಹೆಸರಿದ್ದದ್ದು ಅದರಲ್ಲಿ. ಇಪ್ಪತ್ತೆರಡು ವರ್ಷಗಳ ಹಿಂದೆ ಆ ಹೆಸರನ್ನು ಓದಿ, ಬೇಡವೆಂದು ಬಿಟ್ಟ ಕೊನೆಯ ಮನುಷ್ಯ ಬಹುಶಃ ನಾನೇ. ಎಷ್ಟು ನೆನಪು ಮಾಡಿಕೊಂಡರೂ ಅದು ಬರುತ್ತಿಲ್ಲ.

ಊರಿನಲ್ಲಿ ಹಳೆಯ ಗಾರೆಯವರ ಮನೆಯೊಂದಿದೆ. ಆ ಮನೆಯ ಹಿರಿಯರು ಕೊಟ್ಟಿಗೆಯ ಹತ್ತಿರ ಬಂದು ಕಲ್ಲನ್ನು ನೋಡಿ, ‘ನಮ್ಮ ತಾತನ ಅಪ್ಪಂದೇ ಕೆಲ್ಸ ಇದು ಅಂತ ನಮ್ಮವ್ವ ಅಂತಿತ್ತು. ಹೆಸ್ರು ಬರ್ಸಿ ಹಾಕ್ಸುಬುಡಿ ಮೇಷ್ಟ್ರೆ’ ಎಂದರು. ಶಾಸ್ತ್ರದ ಪ್ರಕಾರ ಅಳಿದ ಸಾಲಿನ ಜಾಗದಲ್ಲಿ ಚುಕ್ಕಿ ಇಡಬೇಕು, ಹೇಳಿಕೆಯನ್ನು ಮೂಲಕ್ಕೆ ಸೇರಿಸುವ ಹಾಗಿಲ್ಲ. ಆದರೆ ಆ ಸಾಲು ಅಳಿದದ್ದು ಕಾಲದಿಂದಲ್ಲ, ನನ್ನಿಂದ. ಅವರ ಮುಂದೆ ನಿಂತು ಶಾಸ್ತ್ರ ಹೇಳುವ ಧೈರ್ಯ ನನಗಾಗಲಿಲ್ಲ. ನನ್ನ ಗ್ರಾನೈಟನ್ನು ತೆಗೆದುಹಾಕಿ ಎಂದೆ. ‘ಅದೂ ಇರ್ಲಿ ಬುಡಿ, ಅದೂ ಆಗಿದ್ದೇ ಅಲ್ವಾ’ ಎಂದರು.

ಅರ್ಧ ಕಲ್ಲನ್ನು ಮತ್ತೆ ಬಾಗಿಲ ಮೇಲೆ ಕೂರಿಸುವುದು, ಗ್ರಾನೈಟನ್ನು ಒಳಗೋಡೆಗೆ ಸರಿಸುವುದು ಎಂದು ಸದ್ಯಕ್ಕೆ ಗೊತ್ತಾಗಿದೆ. ಮೇಸ್ತ್ರಿಯ ಹೆಸರಿಗೆ ಬೇರೆಯದೇ ಒಂದು ಸಣ್ಣ ಕಲ್ಲು, ಮನೆಯವರ ಹೇಳಿಕೆಯಂತೆ ಎಂಬ ಮಾತಿನೊಡನೆ, ಎಂದು ನಾನು ಸೂಚಿಸಿದ್ದೇನೆ. ಆ ಮಾತು ಬೇಕೋ ಬೇಡವೋ ಎಂಬುದರ ಬಗ್ಗೆ ಆ ಮನೆಯವರು ಇನ್ನೂ ಏನೂ ಹೇಳಿಲ್ಲ. ಗೋಡೆ ಆರಲು ಹೇಗೂ ಒಂದು ಬೇಸಿಗೆ ಬೇಕು. ಅಲ್ಲಿಯವರೆಗೆ ಸಮಯವಿದೆ.